ಸರ್ವ ಸದಸ್ಯೆಯರು

ಸಿಟ್ಟು ನನಗೆ ಬೇಗ ಬರುತ್ತದೆ, ಹೋಗಲು ಮಾತ್ರ ತಿಂಗಳುಗಟ್ಟಲೆ ಬೇಕು. ಮಾತು ಬಲ್ಲವರಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ. ಅಕ್ಕನ ವೆಬ್‌ಸೈಟಿನ ವಿಷಯದಲ್ಲಿ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಹೋಗಲೆಂದು ನಾನೇನೂ ಹರಕೆ ಹೊತ್ತಿಲ್ಲ.

ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಿದೆ. ವಿಜಯಪುರದ ಕಡೆಯಿಂದ ಬಂದವರು ಕಲಬುರಗಿ ಬಸ್ಸು ಸಿಗುವವರೆಗೆ ನನ್ನ ಬೆಂಚಿನ ಮೇಲೆ ಕೂಡುತ್ತಾರೆ, ಕೂತ ತಪ್ಪಿಗೆ ಒಂದು ಆಧಾರ್ ಜೆರಾಕ್ಸ್ ಮಾಡಿಸುತ್ತಾರೆ. ಕಂಪ್ಯೂಟರಿನಲ್ಲಿ ನನಗೆ ನೆಟ್ಟಗೆ ಬರುವುದು ವರ್ಡ್ ಒಂದೇ. ಅರ್ಜಿ ಅದರಲ್ಲೇ, ಕರಾರುಪತ್ರ ಅದರಲ್ಲೇ, ಲಗ್ನಪತ್ರಿಕೆಯೂ ಅದರಲ್ಲೇ. ಅದರ ಮೇಲೆ ನನಗೆ ಸಾಕಿದ ಎಮ್ಮೆಯ ಮೇಲಿರುವಂಥ ನಂಬಿಕೆ.

ಪತ್ರಿಕೆ ಮಾಡಿಸಲು ಬರುವ ಗಂಡಸರನ್ನು ನೋಡಿ ನೋಡಿ ನನಗೊಂದು ವಿಷಯ ಖಚಿತವಾಗಿದೆ. ನಮ್ಮ ಕಡೆ ಹೊಲದ ಬದುವಿಗಿಂತ ಹೆಚ್ಚು ಜಗಳ ಪತ್ರಿಕೆಯ ಹೆಸರಿನ ಸಾಲಿನಲ್ಲಿ ಆಗುತ್ತದೆ. ದಿವ್ಯ ಸಾನ್ನಿಧ್ಯ ಯಾರದು, ಅಧ್ಯಕ್ಷತೆ ಯಾರದು, ಜ್ಯೋತಿ ಬೆಳಗಿಸುವವರು ಯಾರು, ಘನ ಉಪಸ್ಥಿತಿಯಲ್ಲಿ ಯಾರ ಹೆಸರು ಯಾರ ಮೇಲೆ ಬರಬೇಕು. ಫೋಟೋ ಇದ್ದರಂತೂ ಮುಗಿಯಿತು, ಒಬ್ಬನ ಮುಖ ಇನ್ನೊಬ್ಬನದಕ್ಕಿಂತ ಜೋಳದ ಕಾಳಿನಷ್ಟು ಸಣ್ಣದಾದರೂ ಪತ್ರಿಕೆ ವಾಪಸ್ಸು. ಎಲ್ಲರದೂ ಮುಗಿದ ಮೇಲೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಹಾಗೂ ಮಹಿಳಾ ಮಂಡಳದ ಸರ್ವ ಸದಸ್ಯೆಯರು’. ಈ ಸರ್ವ ಸದಸ್ಯೆಯರು ಯಾರು, ಅವರಿಗೆ ಹೆಸರುಗಳಿವೆಯೇ ಎಂದು ನನ್ನ ಅಂಗಡಿಯಲ್ಲಿ ಇದುವರೆಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ನಾನು ಮಾತ್ರ ಟೈಪ್ ಮಾಡುವಾಗೆಲ್ಲ ಹಲ್ಲು ಕಡಿಯುತ್ತಿದ್ದೆ.

ನನ್ನ ಅಕ್ಕನನ್ನು ಮೋರಟಗಿಗೆ ಕೊಟ್ಟಿದ್ದೇವೆ. ಅಕ್ಕ ಕೌದಿ ಹೊಲಿಯುತ್ತಾಳೆ. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಹರಿದ ಕುಪ್ಪಸ ಎಲ್ಲವನ್ನೂ ಚೂರು ಮಾಡಿ, ಪದರಿನ ಮೇಲೆ ಪದರಿಟ್ಟು, ಇರುವೆ ಸಾಲಿನಂಥ ಹೊಲಿಗೆ ಹಾಕಿ ಹೊದಿಯುವ ಕೌದಿ ಮಾಡುವುದು ನಮ್ಮ ಕಡೆ ಮನೆಮನೆಯ ಕೆಲಸ. ಆದರೆ ಎಲ್ಲರ ಕೈಯ ಕೌದಿ ಒಂದೇ ಅಲ್ಲ. ಅಕ್ಕ ಸೀರೆಯ ದಡಿಗಳನ್ನು ಕೂಡಿಸುವ ರೀತಿ ನೋಡಿದರೆ, ಆ ಸೀರೆಗಳು ಉಡುವುದಕ್ಕಲ್ಲ, ಹರಿದು ಅವಳ ಕೈಗೆ ಬರುವುದಕ್ಕೇ ನೇಯ್ದಂತೆ ಅನ್ನಿಸುತ್ತದೆ. ತೊಗರಿಯ ರಾಶಿ ಮುಗಿದ ಮೇಲೆ ಅವಳು ಮತ್ತು ನೆರೆಮನೆಯ ಖಾಲಾ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಎದುರುಬದುರು ಕೂತರೆಂದರೆ ಸಂಜೆಯ ರೊಟ್ಟಿಯ ಹೊತ್ತಿಗೇ ಏಳುವುದು.

ಕೌದಿ ಮುಗಿಸುವಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಕೊನೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ಒಂದು ಚಿಟಿಕೆ ಬಿಳಿಜೋಳ ಹಾಕಿ, ಆಮೇಲೆ ಬಾಯಿ ಮುಚ್ಚಬೇಕು. ಕೌದಿ ಉಪವಾಸ ಇರಬಾರದು ಅಂತ ಅವ್ವ ಹೇಳುತ್ತಿದ್ದಳು. ಜೋಳ ಹಾಕುವವಳು ಹೊಲಿದವಳೇ ಆಗಿರಬೇಕು, ಬೇರೆಯವರು ಕೈ ಹಾಕುವ ಹಾಗಿಲ್ಲ.

ಅಂಗಡಿಯ ನನ್ನ ಕುರ್ಚಿಯ ಮೇಲೆ ಅಕ್ಕನದೊಂದು ಚಿಕ್ಕ ಕೌದಿ ಮಡಚಿ ಹಾಕಿರುತ್ತೇನೆ. ಮುದ್ದೇಬಿಹಾಳದಲ್ಲಿ ಪಾಠ ಹೇಳುವ ಉಪನ್ಯಾಸಕಿಯೊಬ್ಬರು ಯಾವುದೋ ಪ್ರಮಾಣಪತ್ರದ ಜೆರಾಕ್ಸಿಗೆ ಬಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಯಾರು ಹೊಲದಾರ್ರಿ ಇದನ್ನ? ಇವರದು ವೆಬ್‌ಸೈಟ್ ಏನರ ಐತೇನ್ರಿ? ನಮ್ಮ ಹುಡುಗ್ಯಾರಿಗೆ ತೋರಸ್ತಿದ್ದೆ” ಅಂದರು. ಇಲ್ಲ ಅಂದೆ. ಅವರು ತಮ್ಮ ನಂಬರು ಕೊಟ್ಟು ಹೋದ ಮೇಲೆ ಯಾಕೆ ಇಲ್ಲ ಅನ್ನಿಸಿತು. ವರ್ಡ್‌ನಲ್ಲಿ ‘ವೆಬ್ ಪುಟವಾಗಿ ಉಳಿಸು’ ಅನ್ನುವ ಒಂದು ಆಯ್ಕೆ ಇದೆಯೆಂದು ನನಗೆ ಗೊತ್ತಿತ್ತು. ಅದನ್ನು ಒಮ್ಮೆಯೂ ಒತ್ತಿರಲಿಲ್ಲ ಅಷ್ಟೆ.

ಸಂತೆಯ ದಿನ ಅಕ್ಕ ಬಂದಾಗ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

“ಅದರಾಗ ನನ್ನ ಹೆಸರು ಬರತೈತೇನು?”

ಆ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. ಬಸವನ ಬಾಗೇವಾಡಿಯಲ್ಲಿ ಹಿಂದೊಮ್ಮೆ ಒಂದು ವಸ್ತುಪ್ರದರ್ಶನವಾಗಿತ್ತು. ಊರಿನ ಸಂಘದವರು ಅಕ್ಕನ ಅತಿ ದೊಡ್ಡ ಕೌದಿಯನ್ನು ಒಯ್ದು ಅಲ್ಲಿ ತೂಗುಹಾಕಿದ್ದರು. ಅಕ್ಕ ಹೊಸ ಸೀರೆ ಉಟ್ಟು ನೋಡಲು ಹೋದಳು, ಜೊತೆಗೆ ನಾನೂ ಹೋಗಿದ್ದೆ. ಕೌದಿಯ ಕೆಳಗೆ ಪಿನ್ನು ಚುಚ್ಚಿದ ಚೀಟಿಯ ಮೇಲೆ ಸಂಘದ ಅಧ್ಯಕ್ಷನ ಹೆಸರಿತ್ತು. ಆ ಮನುಷ್ಯನಿಗೆ ತನ್ನ ಅಂಗಿಯ ಗುಂಡಿ ಹಚ್ಚಿಕೊಳ್ಳಲೂ ಬರುವುದಿಲ್ಲ. ಅಕ್ಕ ಕೌದಿಯ ಮೂಲೆಯನ್ನು, ತಾನೇ ಜೋಳ ಹಾಕಿದ ಮೂಲೆಯನ್ನು, ಬೆರಳಿನಿಂದ ಒತ್ತಿ ನೋಡಿದಳು. ಕಾವಲಿಗೆ ನಿಂತಿದ್ದ ಹುಡುಗಿ, “ಅಮ್ಮಾ, ಮುಟ್ಟಬ್ಯಾಡ್ರಿ, ಹೊಲಸಾಗತೈತಿ” ಅಂದಳು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಬಸ್ಸಿನಲ್ಲಿ ಸಿಂದಗಿ ಮುಟ್ಟುವವರೆಗೆ ಆ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

“ಬರತೈತಿ. ಹೆಸರೂ ಬರತೈತಿ, ಫೋಟೋನೂ ಬರತೈತಿ, ಫೋನ್ ನಂಬರೂ ಬರತೈತಿ” ಅಂದೆ.

ಅಕ್ಕ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ವರ್ಡ್‌ನಲ್ಲಿ ದೊಡ್ಡದೊಂದು ಟೇಬಲ್ ಹಾಕಿ, ಮನೆಮನೆ ಮಾಡಿ, ಒಂದೊಂದು ಮನೆಯಲ್ಲಿ ಒಂದೊಂದು ಕೌದಿಯ ಫೋಟೋ ಕೂಡಿಸುತ್ತ ಹೋದೆ. ಫೋಟೋಗಳನ್ನು ಖಾಲಾನ ಮಗಳ ಫೋನಿನಲ್ಲಿ ತೆಗೆದಿದ್ದರು. ಅಕ್ಕ ಸ್ವಲ್ಪ ಹೊತ್ತು ನೋಡಿದಳು. “ಇದೇನವಾ, ನೀನೂ ಚೂರs ಜೋಡ್ಸಾಕತ್ತೀಯಲ್ಲ” ಅಂದಳು. ಅಲ್ಲಿಂದ ಯಜಮಾನಿಕೆ ಅವಳದೇ. ಕೆಂಪಿನ ಪಕ್ಕ ಕೆಂಪು ಬೇಡ, ಹಸಿರು ದಡಿಯದ್ದನ್ನು ನಡುವೆ ಹಾಕು, ಇದನ್ನು ಮೇಲೆ ಒಯ್ಯಿ. ನನ್ನ ಪತ್ರಿಕೆಯ ಗಿರಾಕಿಗಳಷ್ಟೇ ಕಾಟ ಕೊಟ್ಟಳು. ಆದರೆ ಅವಳು ಹೇಳಿದ ಹಾಗೆ ಇಟ್ಟಾಗ ಪುಟ ಚೆಂದ ಆಗುತ್ತಿತ್ತು.

ಕೊನೆಯ ಮನೆ ಉಳಿಯಿತು. ಅಲ್ಲಿ ಅವಳ ಹೆಸರು ಟೈಪ್ ಮಾಡಲು ಹೋದೆ. ಅವಳು ನನ್ನ ಕೈ ಹಿಡಿದಳು.

“ಅದನ್ನ ಬಿಡು. ಆ ಮೂಲಿ ನಾನs ತುಂಬತೇನಿ. ಮುಂದಿನ ಸಂತಿಗೆ ಬಂದಾಗ ಅಕ್ಷರ ಎಲ್ಲೆಲ್ಲಿ ಅದಾವ ತೋರಸು, ನಾನs ಒತ್ತತೇನಿ.”

ಪುಕ್ಕಟೆ ಜಾಗ ಕೊಡುವ ಒಂದು ತಾಣದಲ್ಲಿ ಪುಟವನ್ನು ಏರಿಸಿದೆ. ಅಕ್ಕನ ಫೋನಿನಲ್ಲಿ ತೆಗೆದು ನೋಡಿದರೆ ಒಂದೂ ಫೋಟೋ ಇಲ್ಲ, ಬರೀ ಖಾಲಿ ಚೌಕಗಳು. ನನಗೆ ಅಳುವೇ ಬಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ ಪ್ರಿಂಟರಿಗೆ ಒಂದು ಗುದ್ದು ಕೊಟ್ಟೆ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು. ಹೀಗೆ ಪುಟ ಉಳಿಸಿದಾಗ ವರ್ಡ್ ಎರಡು ವಸ್ತು ಮಾಡುತ್ತದೆ, ಅಕ್ಷರದ ಕಡತ ಒಂದು, ಫೋಟೋಗಳ ಫೋಲ್ಡರ್ ಇನ್ನೊಂದು. ಎರಡನ್ನೂ ಕೂಡಿಯೇ ಒಯ್ಯಬೇಕು. ನಾನು ಕಡತ ಒಂದನ್ನೇ ಒಯ್ದಿದ್ದೆ. ಫೋಲ್ಡರನ್ನೂ ಏರಿಸಿದೆ. ಅಕ್ಕನ ಅಂಗೈಯಲ್ಲಿ ಅವಳ ಕೌದಿಗಳು ಒಂದೊಂದಾಗಿ ಮೂಡಿದವು. ಕೊನೆಯ ಮನೆ ಖಾಲಿಯೇ ಇತ್ತು.

“ಹೆಸರು ಹಾಕಿದ ಮ್ಯಾಲ ಎಲ್ಲಾರಿಗೂ ಹೇಳೂಣು” ಅಂದಳು ಅಕ್ಕ. ಮನೆಯಲ್ಲಿ ಗಂಡನಿಗೆ ತೋರಿಸಲೆಂದು ಒಂದು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋದಳು.

ಅಕ್ಕನ ಗಂಡ, ನನ್ನ ಮಾವ, ಕೆಟ್ಟ ಮನುಷ್ಯನಲ್ಲ. ಕುಡಿಯುವವನಲ್ಲ, ಬೈಯುವವನಲ್ಲ. ಅಕ್ಕನ ಕೌದಿ ಹೊದ್ದೇ ಮಲಗುತ್ತಾನೆ. ಆದರೆ ಊರಿನ ಸಂಘದ ಕಾರ್ಯದರ್ಶಿ ಅವನೇ. ನಾಲ್ಕು ಜನ ಹಿರಿಯರು ಕಟ್ಟೆಯ ಮೇಲೆ ಸಿಕ್ಕರೆ ಅವನ ಬೆನ್ನೆಲುಬು ತಾನಾಗಿಯೇ ಬಾಗುತ್ತದೆ. ಪೆನ್‌ಡ್ರೈವನ್ನು ಕಟ್ಟೆಗೆ ಒಯ್ದ. ಕೆಲವು ದಿನಗಳ ಮೇಲೆ ನನ್ನ ಫೋನಿಗೆ ಒಂದು ಆಮಂತ್ರಣ ಬಂತು. ನಮ್ಮೂರ ಕೌದಿಗಳ ಅಂತರ್ಜಾಲ ತಾಣದ ಭವ್ಯ ಉದ್ಘಾಟನಾ ಸಮಾರಂಭ. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಜ್ಯೋತಿ ಬೆಳಗಿಸುವವರು, ಸಾಲು ಸಾಲು ಮುಖಗಳು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ಯಾರದೋ ಸೂಜಿ.

ಅಕ್ಕನಿಗೆ ಫೋನ್ ಮಾಡಿದೆ.

“ನನಗೂ ನಿನ್ನೆ ಗೊತ್ತಾಗೇತಿ” ಅಂದಳು. “ಚಾದರ ಸಾಲಂಗಿಲ್ಲ, ಸೋಫಾದ ಮ್ಯಾಲ ಹಾಸಾಕ ನಿನ್ನ ದೊಡ್ಡ ಕೌದಿ ಕೊಡು ಅಂದಾರ. ಕೊಟ್ಟೇನಿ.”

ಅವಳ ದನಿಯಲ್ಲಿ ಏನೂ ಇರಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮರುದಿನ ಅಂಗಡಿಗೆ ಬೀಗ ಹಾಕಿ ಮೋರಟಗಿ ಬಸ್ಸು ಹತ್ತಿದೆ.

ಸಮುದಾಯ ಭವನದಲ್ಲಿ ಗಂಡಸರು ಮುಂದೆ ಕುರ್ಚಿಗಳ ಮೇಲೆ, ಹೆಂಗಸರು ಹಿಂದೆ ಜಮಖಾನದ ಮೇಲೆ. ವೇದಿಕೆಯ ಸೋಫಾದ ಮೇಲೆ ಅಕ್ಕನ ಕೌದಿ, ಬಾಗೇವಾಡಿಯಲ್ಲಿ ಅವಳು ಮುಟ್ಟಬಾರದಾಗಿದ್ದ ಅದೇ ಕೌದಿ. ಅದರ ಮೇಲೆ ಗಣ್ಯರು. ಕೌದಿಯ ಮೇಲೆ ಕೂತೇ ಕೌದಿಯ ಬಗ್ಗೆ ಒಬ್ಬೊಬ್ಬರಾಗಿ ಭಾಷಣ ಮಾಡಿದರು. ನಮ್ಮ ಸಂಸ್ಕೃತಿ, ನಮ್ಮ ಪರಂಪರೆ, ನಮ್ಮ ತಾಯಂದಿರು. ‘ನಮ್ಮ ತಾಯಂದಿರು’ ಹಿಂದೆ ಕೂತು ಚಹಾದ ಲೋಟ ಎಣಿಸುತ್ತಿದ್ದರು. ಆಮೇಲೆ ಲ್ಯಾಪ್‌ಟಾಪಿಗೆ ಸುತ್ತಿದ್ದ ರಿಬ್ಬನ್ನನ್ನು ಕತ್ತರಿಸಿದರು. ಅದರ ಮುಂದೆ ತೆಂಗಿನಕಾಯಿ ಒಡೆದರು. ನೀರು ಕೀಬೋರ್ಡಿಗೆ ಸಿಡಿಯದಂತೆ ಊರ ಶಾಲೆಯ ಮಾಸ್ತರರು ಕೈ ಅಡ್ಡ ಹಿಡಿದರು.

ಬಿಳಿ ಪರದೆಯ ಮೇಲೆ ಪುಟ ಮೂಡಿತು. ಅದು ನಮ್ಮ ಪುಟವಲ್ಲ.

ಮೇಲೆ ದೇವರ ಹೆಸರು, ಪ್ರಸನ್ನ. ಅದರ ಕೆಳಗೆ ದಿವ್ಯ ಸಾನ್ನಿಧ್ಯ. ಥೇಟ್ ಲಗ್ನಪತ್ರಿಕೆ. ಆದರೆ ಮುಖಗಳು ಇರಬೇಕಾದಲ್ಲಿ ಮುಖಗಳಿಲ್ಲ, ಬರೀ ಖಾಲಿ ಚೌಕಗಳು. ಸಾಲಾಗಿ ಖಾಲಿ ಚೌಕ, ಕೆಳಗೆ ‘ಮಾನ್ಯ ಅಧ್ಯಕ್ಷರು’. ಖಾಲಿ ಚೌಕ, ‘ಖ್ಯಾತ ಮುಖಂಡರು’. ಖಾಲಿ ಚೌಕ, ‘ಕೊಡುಗೈ ದಾನಿಗಳು’. ನನಗೆ ತಟ್ಟನೆ ಗೊತ್ತಾಯಿತು. ಫೋಲ್ಡರ್ ಬಿಟ್ಟು ಕಡತ ಒಂದನ್ನೇ ತಂದಿದ್ದಾರೆ. ಒಳಗೊಳಗೇ ನಗು ಉಕ್ಕಿತು.

“ನನ್ನ ಫೋಟೋ ಎಲ್ಲಿ ಐತಿ?” ಅಂದರು ಒಬ್ಬ ಗಣ್ಯರು, ಸೋಫಾದಿಂದ ಅರ್ಧ ಎದ್ದು.

ಮಾಸ್ತರರು ಗಡಿಬಿಡಿಯಲ್ಲಿ ಪುಟವನ್ನು ಕೆಳಗೆ ಎಳೆದರು. ಎಲ್ಲ ಚೌಕಗಳು ಮುಗಿದ ಮೇಲೆ, ಎಲ್ಲಕ್ಕಿಂತ ತಳಕ್ಕೆ, ಸಣ್ಣ ಅಕ್ಷರದಲ್ಲಿ ಆ ಸಾಲು ಬಂತು: ‘ಕೌದಿ ಸೇವೆ: ಮಹಿಳಾ ಮಂಡಳದ ಸರ್ವ ಸದಸ್ಯೆಯರು’. ಸಂಪರ್ಕಕ್ಕೆ ಮಾವನ ನಂಬರು. ನನ್ನ ನಗು ಅಲ್ಲೇ ನಿಂತಿತು. ತಿರುಗಿ ನೋಡಿದೆ. ಅಕ್ಕ ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಓದಿ ಮುಗಿಸಿದವಳು ಮತ್ತೆ ಮೇಲಿಂದ ಓದಿದಳು, ಎಲ್ಲೋ ಬಿಟ್ಟುಹೋಗಿರಬೇಕು ಅಂದುಕೊಂಡವಳ ಹಾಗೆ.

ಮಾವ ನನ್ನನ್ನು ಕಂಡು ಕೈ ಬೀಸಿದ. “ಬಾರವಾ, ಏನಾಗೇತಿ ನೋಡು. ಇಂಡ್ಯಾಗ ಮಾಡ್ಸಿದ್ದೆ, ಅಂವ ಈಗ ಫೋನs ಎತ್ತವಲ್ಲ.”

ಸಿಂದಗಿಯಲ್ಲಿ ಮಾಡಿಸಿದರೆ ನನಗೆ ಗೊತ್ತಾಗುತ್ತದೆಂದು ಪಕ್ಕದ ತಾಲ್ಲೂಕಿನ ಇಂಡಿ ಪಟ್ಟಣದವರೆಗೆ ಹೋಗಿದ್ದ. ವೇದಿಕೆ ಹತ್ತಿದೆ.

“ಮಾವ, ಇದು ನೆಟ್ಟಿನ್ಯಾಗ ಇಲ್ಲs ಇಲ್ಲ. ನೀವು ಪೆನ್‌ಡ್ರೈವ್ ಉದ್ಘಾಟನಾ ಮಾಡೀರಿ. ಈ ಭವನದ ಹೊರಗ ಯಾರಿಗೂ ಇದು ಕಾಣಂಗಿಲ್ಲ.”

ಅಲ್ಲಲ್ಲಿ ಜನ ಫೋನು ತೆಗೆದು ಹುಡುಕತೊಡಗಿದರು. ಅಧ್ಯಕ್ಷರು ಕೆಮ್ಮಿದರು.

“ಅದಿರಲಿ. ಹೊಲದಾಕಿ ಹೆಸರು ಎಲ್ಲಿ ಐತ್ರಿ?” ಅಂದೆ. ಮೈಕು ಬಾಯಿಯ ಹತ್ತಿರವೇ ಇತ್ತು, ಅದು ನನ್ನ ಪುಣ್ಯ.

“ಸರ್ವ ಸದಸ್ಯೆಯರು ಅಂತ ಹಾಕೇವಲ್ಲ” ಅಂದ ಮಾವ, ದನಿ ತಗ್ಗಿಸಿ. “ಹೆಣ್ಣಮಗಳ ಹೆಸರು, ನಂಬರು ಊರ ಮಂದಿಗೆಲ್ಲಾ ಹಂಚಾಕ ಬರತೈತೇನು? ನಿನಗ ತಿಳೀಬೇಕು.”

“ಆಕಿ ಕೌದಿ ಊರ ಮಂದಿ ಕುಂಡಿ ಕೆಳಗ ಹಾಸಾಕ ಬರತೈತಿ, ಹೆಸರು ಹಾಕಾಕ ಬರಂಗಿಲ್ಲೇನು?”

ಆ ಮಾತು ಆಡಬಾರದಿತ್ತು ಅಂತ ಆಮೇಲೆ ಬಹಳ ಜನ ಹೇಳಿದರು. ನನಗಂತೂ ಇನ್ನೂ ಎರಡು ಮಾತು ಆಡಬೇಕಿತ್ತು ಅನ್ನಿಸುತ್ತದೆ. ಅಷ್ಟರಲ್ಲಿ ಹಿಂದಿನಿಂದ ಖಾಲಾ ಕೂಗಿದಳು: “ಹೊಲದಾಕಿ ಇಲ್ಲೇ ಕುಂತಾಳಲ್ರೀ, ಆಕೀನs ಕೇಳ್ರಿ!”

ಅಕ್ಕ ಎದ್ದಳು. ಹೆಂಗಸರ ನಡುವಿನಿಂದ ದಾರಿ ಮಾಡಿಕೊಂಡು, ಕುರ್ಚಿಗಳ ಸಾಲು ದಾಟಿ, ವೇದಿಕೆಗೆ ಬಂದಳು. ಮೈಕಿನ ಕಡೆ ನೋಡಲೂ ಇಲ್ಲ. ಸೋಫಾದ ಮುಂದೆ ನಿಂತು, “ಒಂದೀಟು ಏಳ್ರಿ” ಅಂದಳು.

ಗಣ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷರು ಮೊದಲು ಎದ್ದರು, ಉಳಿದವರೂ ಎದ್ದರು. ಅಕ್ಕ ಕೌದಿಯನ್ನು ಎಳೆದುಕೊಂಡು ಎರಡು ಸಲ ಜಾಡಿಸಿದಳು. ತೆಂಗಿನಕಾಯಿಯ ಚೂರು, ಹಾರದ ಹೂವಿನ ಎಸಳು ಉದುರಿದವು. ನಾಲ್ಕು ಮಡಿಕೆ ಮಾಡಿ, ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ, ಹೆಗಲ ಮೇಲೆ ಹಾಕಿಕೊಂಡು ಇಳಿದು ಹೋದಳು. ಮುಟ್ಟಬೇಡ ಎಂದು ಈ ಸಲ ಯಾರೂ ಅನ್ನಲಿಲ್ಲ. ನಾನೂ ಅವಳ ಹಿಂದೆ ನಡೆದೆ.

ಇದರಿಂದ ಊರೇನೂ ಬದಲಾಗಲಿಲ್ಲ. ಮಾವ ಅಕ್ಕನ ಜೊತೆ ಮಾತು ಬಿಟ್ಟ, ಬುಟ್ಟಿಯಿಂದ ರೊಟ್ಟಿ ತಾನೇ ತೆಗೆದುಕೊಂಡು ಉಂಡು ಹೋಗುತ್ತಿದ್ದ. ಗಂಡನ ಮಾನ ಕಳೆದಳು ಅಂತ ಓಣಿಯ ಹೆಂಗಸರೇ ಅಂದರು. ಹಿಂದೆ ಜಮಖಾನದ ಮೇಲೆ ಕೂತು ಎಲ್ಲವನ್ನೂ ನೋಡಿದವರೇ ಅಂದರು. ಅವರ ಮೇಲೆ ನನಗೆ ಗಂಡಸರ ಮೇಲಿನದಕ್ಕಿಂತ ಹೆಚ್ಚು ಸಿಟ್ಟಿದೆ.

ಸಂತೆಯ ದಿನ ಅಕ್ಕ ಅಂಗಡಿಗೆ ಬಂದಳು. ಚಹಾ ತರಿಸಲಾ ಅಂದೆ. “ಆಮ್ಯಾಲ” ಅಂದು ನೇರವಾಗಿ ನನ್ನ ಕುರ್ಚಿಯ ಮೇಲೆಯೇ ಕೂತಳು. ನಾನು ಸ್ಟೂಲಿಗೆ ಸರಿದೆ. ನಮ್ಮ ಪುಟ ತೆಗೆದು, ಕೊನೆಯ ಖಾಲಿ ಮನೆಯಲ್ಲಿ ಕರ್ಸರ್ ನಿಲ್ಲಿಸಿ, ಅಕ್ಷರಗಳನ್ನು ತೋರಿಸಿದೆ. ಅವಳು ಒಂದೇ ಬೆರಳಿನಿಂದ, ಸೂಜಿ ಚುಚ್ಚುವಷ್ಟು ಹುಷಾರಿನಿಂದ ಒತ್ತಿದಳು. ಒಂದು ಅಕ್ಷರ ತಪ್ಪಿತು. ನಾನು ಕೈ ಚಾಚಿದರೆ, “ಕೈ ತಗಿ” ಅಂದಳು. ತಾನೇ ಅಳಿಸಿ, ತಾನೇ ಒತ್ತಿದಳು. ಹೆಸರು ಮುಗಿಯಿತು. ಕೆಳಗೆ ಫೋನ್ ನಂಬರು ಒತ್ತಿದಳು. ಕಡತ, ಫೋಲ್ಡರ್ ಎರಡನ್ನೂ ಏರಿಸಿದೆ.

ಮುದ್ದೇಬಿಹಾಳದ ಉಪನ್ಯಾಸಕಿಗೆ ವಿಳಾಸ ಕಳಿಸಿದೆ. ಅವರು ಇನ್ನಾರಿಗೋ ಕಳಿಸಿದರು. ಫೋನುಗಳು ಬರತೊಡಗಿದವು, ಒಳ್ಳೆಯವೂ ಬಂದವು, ಹೊಲಸೂ ಬಂದವು. ಮಾವ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತೆಂದು ನನಗೆ ಇನ್ನಷ್ಟು ಉರಿಯಿತು. ಒಮ್ಮೆ ನಾನು ಎದುರಿಗೇ ಇದ್ದಾಗ ಯಾವನೋ ಒಬ್ಬ ಫೋನ್ ಮಾಡಿ ಏನೋ ಹಲ್ಲು ಕಿರಿದ. ಅಕ್ಕ ಸೂಜಿಯನ್ನು ಕೌದಿಗೆ ಸಿಕ್ಕಿಸಿ, “ಕೌದಿ ಬೇಕೇನು? ಬ್ಯಾಡಂದ್ರ ಇಡು, ನನಗ ಕೆಲಸ ಐತಿ” ಅಂದು ಕಟ್ ಮಾಡಿದಳು. ಬಾಗಿಲಲ್ಲಿ ನಿಂತಿದ್ದ ಮಾವ ಕೇಳಿಸಿಕೊಂಡ. ಒಳಗೆ ಬಂದು, “ಯಾರ ಫೋನದು?” ಎಂದು ಕೇಳಿದ. ಸಮಾರಂಭದ ನಂತರ ಅವನು ಅಕ್ಕನ ಜೊತೆ ಆಡಿದ ಮೊದಲ ಮಾತು ಅದು.

ಈ ಸಂಗತಿಯನ್ನು ಬರೆಯುತ್ತೇನೆ ಅಂತ ಮೊನ್ನೆ ಅಕ್ಕನಿಗೆ ಹೇಳಿದೆ. ಅವಳ ಹೆಸರನ್ನು ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ನನ್ನ ಆಸೆಯಾಗಿತ್ತು.

“ಬ್ಯಾಡ” ಅಂದಳು. “ನನ್ನ ಹೆಸರು ಎಲ್ಲಿ ಇರಬೇಕೋ ಅಲ್ಲಿ ನಾನs ಹಾಕೇನಿ. ನೋಡೋರು ಅಲ್ಲಿ ನೋಡ್ಲಿ.”

“ಹಂಗಾರ ಅವರದು? ಅಧ್ಯಕ್ಷರು, ಮುಖಂಡರು, ದಾನಿಗಳು, ಸೋಫಾದ ಮ್ಯಾಲ ಕುಂತವರದೆಲ್ಲ ಏನಂತ ಬರೀಲಿ?”

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

“ಸರ್ವ ಸದಸ್ಯರು ಅಂತ ಬರಿ.”